ಮಾಫಿ ಪತ್ರ ಬರೆಯದ ಡಾಕ್ಟರು: ನಾ. ಸು. ಹರ್ಡೀಕರ

 

ಸೇವಾ ದಳದ ತಾಸಿನಲ್ಲಿ ನಾವೆಲ್ಲ ಬಿಳಿ ಟೊಪ್ಪಿಗೆ ಹಾಕಿಕೊಂಡು ಸಾಲಾಗಿ ನಿಲ್ತೀವಿ. ಸಾವಧಾನ್, ವಿಶ್ರಾಮ್ ಅಂತ ಹೇಳಿದ ಹಾಗೆ ಮಾಡ್ತೀವಿ. ಇದನ್ನ ಮೊದಲು ಕಟ್ಟಿದವರು ಯಾರು ಅಂತ ನಿಮಗೆ ಗೊತ್ತೇನು? ನನಗೂ ಗೊತ್ತಿರಲಿಲ್ಲ. ಅವರೇ ಡಾಕ್ಟರ್ ನಾರಾಯಣ ಸುಬ್ಬರಾವ್ ಹರ್ಡೀಕರ. ಈ ದಳ ಕಟ್ಟುವ ಮೊದಲು ಅವರು ಜೇಲಿನಲ್ಲಿದ್ದರು. ಜೇಲಿಗೂ ಸೇವಾ ದಳಕ್ಕೂ ಏನು ಸಂಬಂಧ ಅಂತ ನಿಮಗೆ ಅನಿಸಬಹುದು. ಅದನ್ನೇ ಹೇಳ್ತೀನಿ, ಕೇಳ್ರಿ.

ಹರ್ಡೀಕರರು ಹುಟ್ಟಿದ್ದು 1889ನೇ ಇಸವಿ ಮೇ 7ರಂದು. ಅವರು ನಮ್ಮ ಉತ್ತರ ಕರ್ನಾಟಕದವರೇ. ಕಲಕತ್ತೆಗೆ ಹೋಗಿ ಡಾಕ್ಟರಕಿ ಕಲಿತರು. ಆಮೇಲೆ ಹಡಗು ಹತ್ತಿ ಅಮೆರಿಕಾಕ್ಕೆ ಹೋದರು. ಅಲ್ಲಿಯ ಮಿಶಿಗನ್ ವಿಶ್ವವಿದ್ಯಾಲಯದಲ್ಲಿ ಜನರ ಆರೋಗ್ಯ ಕಾಪಾಡುವ ಶಾಸ್ತ್ರ ಓದಿದರು. ಆಗ ಲಾಲಾ ಲಜಪತರಾಯರು ಅಮೆರಿಕಾದಲ್ಲಿದ್ದು ನಮ್ಮ ದೇಶದ ಸ್ವರಾಜ್ಯಕ್ಕಾಗಿ ದುಡೀತಿದ್ದರು. ಹರ್ಡೀಕರರು ಅವರ ಜೊತೆ ಕೆಲಸ ಮಾಡಿದರು. 1921ರಲ್ಲಿ ತಿರುಗಿ ನಮ್ಮ ದೇಶಕ್ಕೆ ಬಂದರು. ಇಷ್ಟು ಓದಿದವರು ಒಂದು ದವಾಖಾನೆ ತೆಗೆದಿದ್ದರೆ ಬೇಕಾದಷ್ಟು ರೊಕ್ಕ ಗಳಿಸಬಹುದಿತ್ತು. ಆದರೆ ಅವರು ಹಾಗೆ ಮಾಡಲಿಲ್ಲ. ಹುಬ್ಬಳ್ಳಿಯಲ್ಲಿ ತರುಣರನ್ನು ಕೂಡಿಸಿ ಹುಬ್ಬಳ್ಳಿ ಸೇವಾ ಮಂಡಳ ಕಟ್ಟಿದರು.

1923ರಲ್ಲಿ ನಾಗಪುರದಲ್ಲಿ ಧ್ವಜ ಸತ್ಯಾಗ್ರಹ ನಡೆಯಿತು. ಆಗಿನ ಧ್ವಜ ಈಗಿನ ಹಾಗೆ ಇರಲಿಲ್ಲ. ಬಿಳಿ, ಹಸಿರು, ಕೆಂಪು ಪಟ್ಟೆಗಳು, ನಡುವೆ ಚರಕ. ಇಂಗ್ರಜಿ ಸಾಹೇಬರು ಇರುವ ಸಿವಿಲ್ ಲೈನ್ಸ್ ಓಣಿಯೊಳಗೆ ಆ ಧ್ವಜ ಹಿಡಕೊಂಡು ಬರಬಾರದು ಅಂತ ಸರಕಾರದ ಹುಕುಂ ಇತ್ತು. ಮೇ 1ರಿಂದ ದಿನಾಲೂ ಸತ್ಯಾಗ್ರಹಿಗಳು ಧ್ವಜ ಹಿಡಿದು ಆ ಕಡೆಗೆ ನಡೆದರು. ಪೊಲೀಸರು ಹಿಡಿದು ಜೇಲಿಗೆ ಹಾಕಿದರು. ಬೇರೆ ಬೇರೆ ಪ್ರಾಂತಗಳಿಂದ ಜನ ಬಂದರು. ಸಾವಿರಕ್ಕಿಂತ ಹೆಚ್ಚು ಮಂದಿ ಸೆರೆಯಾದರು. ಹರ್ಡೀಕರರೂ ಅವರ ಸೇವಾ ಮಂಡಳದವರೂ ಅಲ್ಲಿ ಸೆರೆಮನೆ ಸೇರಿದರು. ಒಂದು ಬಟ್ಟೆಯ ಧ್ವಜ ಹಿಡಿದದ್ದೇ ತಪ್ಪು. ಅದಕ್ಕೇ ಕಠಿಣ ಸಜೆ!

ಕಠಿಣ ಸಜೆ ಅಂದರೆ ಏನು? ನಮ್ಮ ಕಡೆ ಹಿರಿಯರು ಅದಕ್ಕೆ ಸಕ್ತಮಜೂರಿ ಅಂತಾರ. ಸಾದಾ ಸಜೆ ಆದವರು ಒಳಗೆ ಕೂತಿದ್ದರೂ ನಡೀತದ. ಕಠಿಣ ಸಜೆ ಆದವರು ದುಡಿಯಲೇಬೇಕು. ಬೀಸುವುದು, ಕಲ್ಲು ಒಡೆಯುವುದು, ಹಗ್ಗ ಹೊಸೆಯುವುದು, ನೀರು ಎಳೆಯುವುದು ಇಂಥ ಕೆಲಸಗಳು. ಇಷ್ಟು ಕಾಳು ಅಂತ ತೂಕ ಮಾಡಿ ಕೊಡುತ್ತಿದ್ದರು. ಅದನ್ನು ಬೀಸಿ ಮುಗಿಸಲೇಬೇಕು.

ಬ್ರಿಟಿಷರು 1894ರಲ್ಲಿ ಜೇಲುಗಳಿಗಾಗಿಯೇ ಒಂದು ಕಾನೂನು ಮಾಡಿದ್ದರು. ಅದರಲ್ಲಿಯ ನಿಯಮಗಳನ್ನು ಕೇಳಿದರೆ ಆಶ್ಚರ್ಯ ಆಗ್ತದ. ದಿನಕ್ಕೆ 9 ತಾಸಿಗಿಂತ ಹೆಚ್ಚು ದುಡಿಸಬಾರದು ಅಂತ ಇತ್ತು. ಆದರೆ ದೊಡ್ಡ ಸಾಹೇಬರು ತುರ್ತು ಅಂತ ಬರೆದುಕೊಟ್ಟರೆ ದುಡಿಸಬಹುದಿತ್ತು. ದುಡಿಯುವ ಕೈದಿಯನ್ನು 15 ದಿನಕ್ಕೊಮ್ಮೆಯಾದರೂ ತೂಗಿ ಅವನ ಚೀಟಿಯಲ್ಲಿ ತೂಕ ಬರೀಬೇಕಿತ್ತು. ಕೆಲಸ ಒಲ್ಲೆ ಅಂದರೆ ಅಪರಾಧ. ಆಲಸ್ಯ ಮಾಡಿದರೆ ಅಪರಾಧ. ಕೆಲಸ ಕೆಡಿಸಿದರೆ ಅಪರಾಧ. ಜಡ್ಡು ಇಲ್ಲದೆ ಜಡ್ಡಿನ ಸೋಗು ಹಾಕಿದರೂ ಅಪರಾಧ.

ಈ ಅಪರಾಧಗಳಿಗೆ ಶಿಕ್ಷೆಯ ಪಟ್ಟಿಯೂ ಇತ್ತು. ಮೊದಲು ತಾಕೀತು. ಆಮೇಲೆ ಹೆಚ್ಚು ಕಷ್ಟದ ಕೆಲಸ. ಕೈಗೆ ಕೋಳ, ಕಾಲಿಗೆ ಬೇಡಿ. ಊಟದಲ್ಲಿ ಕಡಿತ. ಮೈಮೇಲಿನ ಬಟ್ಟೆ ತೆಗೆಸಿ ಗೋಣಿತಟ್ಟಿನ ಬಟ್ಟೆ. ಒಬ್ಬನನ್ನೇ ಬೇರೆ ಕೋಣೆಯಲ್ಲಿ ಇಡುವುದು. ಎಲ್ಲಕ್ಕಿಂತ ಕಡೆಗೆ ಛಡಿ ಏಟು, 30ರವರೆಗೆ ಹೊಡೆಯಬಹುದಿತ್ತು. ಇಷ್ಟೆಲ್ಲ ಪುಸ್ತಕದಲ್ಲಿ ಅಚ್ಚುಕಟ್ಟಾಗಿ ನಂಬರ್ ಹಾಕಿ ಬರೆದದ್ದು. ಅವರು ಇದಕ್ಕೆ ಶಿಸ್ತು ಅಂತ ಹೆಸರಿಟ್ಟಿದ್ದರು.

ನಮ್ಮ ಮನೆಯಲ್ಲಿ ಅಜ್ಜಿಯ ಕಾಲದ ಬೀಸೋ ಕಲ್ಲು ಇದೆ. ಈ ಲೇಖನ ಬರೆಯೋ ಮುಂಚೆ ನಾನು ಅದರಲ್ಲಿ ಜೋಳ ಹಾಕಿ ಬೀಸಿ ನೋಡಿದೆ. ಒಂದು ಸೇರು ಮುಗಿಯೋದ್ರೊಳಗೆ ಅಂಗೈ ಕೆಂಪಾಯಿತು, ರಟ್ಟೆ ಸೋತು ಹೋಯಿತು. ಉಳಿದದ್ದನ್ನ ಅಜ್ಜಿನೇ ನಕ್ಕೋತ ಬೀಸಿದಳು. ಜೇಲಿನಲ್ಲಿ ಉಳಿದದ್ದನ್ನ ಬೀಸಲು ಯಾರ ಅಜ್ಜಿ ಬರ್ತಾಳ?

ಈ ಎಲ್ಲ ಕಷ್ಟದಿಂದ ಪಾರಾಗಲು ಒಂದು ಸುಲಭ ದಾರಿ ಇತ್ತು. ತಪ್ಪಾಯಿತು ಅಂತ ಮಾಫಿ ಪತ್ರ ಬರೆದುಕೊಡೋದು. ಕಷ್ಟ ತಾಳಲಾರದೆ ಎಷ್ಟೋ ಮಂದಿ ಹಾಗೆ ಬರೆದುಕೊಟ್ಟರು. ಅವರನ್ನ ಹೇಡಿಗಳು ಅಂತ ಬರೆಯಬೇಕಂತ ಮೊದಲು ನನಗೆ ಅನಿಸಿತ್ತು. ಆದರೆ ಬೀಸೋ ಕಲ್ಲು ತಿರುವಿದ ಮೇಲೆ ಹಾಗೆ ಬರೆಯಲು ಮನಸ್ಸು ಬರಲಿಲ್ಲ. ಅವರ ಮನೆಯಲ್ಲೂ ಸಣ್ಣ ಮಕ್ಕಳು ಇದ್ದಿರಬಹುದು. ಮಳೆಗಾಲ ಬಂದಿತ್ತು, ಹೊಲ ಬಿತ್ತುವವರು ಇಲ್ಲದೆ ಇರಬಹುದು. ಆದರೂ ಹುಬ್ಬಳ್ಳಿ ಸೇವಾ ಮಂಡಳದವರು ಮಾತ್ರ ಮಾಫಿ ಪತ್ರ ಬರೆಯಲಿಲ್ಲ. ಧ್ವಜ ಹಿಡಿದದ್ದು ತಪ್ಪೇ ಅಲ್ಲ ಅಂದಮೇಲೆ ತಪ್ಪಾಯಿತು ಅಂತ ಹೇಗೆ ಬರೆಯೋದು? ಅವರು ಸಜೆ ಅನುಭವಿಸಿದರು. ಅದನ್ನು ನೋಡಿ ದೇಶದ ಮುಖಂಡರೆಲ್ಲ ಈ ಹುಬ್ಬಳ್ಳಿಯವರು ಯಾರು ಅಂತ ತಿರುಗಿ ನೋಡಿದರು. ಮುಂದೆ ವಲ್ಲಭಭಾಯಿ ಪಟೇಲರು ಬಂದು ಸತ್ಯಾಗ್ರಹ ನಡೆಸಿದರು. ಆಗಸ್ಟ್ 18ರಂದು ಧ್ವಜದ ಮೆರವಣಿಗೆ ಸಿವಿಲ್ ಲೈನ್ಸ್ ಹಾದು ಹೋಯಿತು. ಆಮೇಲೆ ಸತ್ಯಾಗ್ರಹಿಗಳ ಬಿಡುಗಡೆ ಆಯಿತು.

ಬರೇ ಸಿಟ್ಟು, ಉತ್ಸಾಹ ಇದ್ದರೆ ಸಾಲದು, ಕಷ್ಟ ಬಂದಾಗ ಜನ ಚದುರಿ ಹೋಗ್ತಾರ, ತರುಣರಿಗೆ ತರಬೇತಿ ಬೇಕು ಅಂತ ಹರ್ಡೀಕರರು ಮನಗಂಡರು. ಅದೇ ವರ್ಷ ಡಿಸೆಂಬರದಲ್ಲಿ ಕಾಕಿನಾಡದಲ್ಲಿ ಕಾಂಗ್ರೆಸ್ ಅಧಿವೇಶನ ಆಯಿತು. ಅಲ್ಲಿ ಅವರ ಯೋಜನೆಯಿಂದ ಹಿಂದುಸ್ತಾನಿ ಸೇವಾ ದಳ ಹುಟ್ಟಿತು. ಜವಾಹರಲಾಲ್ ನೆಹರು ಅವರು ಅದರ ಮೊದಲ ಅಧ್ಯಕ್ಷರು.

ಮರುವರ್ಷ, ಅಂದರೆ 1924ರ ಡಿಸೆಂಬರದಲ್ಲಿ ನಮ್ಮ ಬೆಳಗಾವಿಯಲ್ಲೇ ಅಧಿವೇಶನ. ಗಾಂಧೀಜಿಯವರು ಕಾಂಗ್ರೆಸ್ ಅಧ್ಯಕ್ಷರಾದದ್ದು ಅದೊಂದೇ ಸಲ. ಸ್ವಯಂಸೇವಕರ ಜವಾಬ್ದಾರಿ ಹರ್ಡೀಕರರದು. ಮಹಿಳಾ ಸ್ವಯಂಸೇವಕಿಯರನ್ನು ಉಮಾಬಾಯಿ ಕುಂದಾಪುರ ಅವರು ನಡೆಸಿದರು. ಈ ಸ್ವಯಂಸೇವಕರು ಕಸ ಹೊಡೆದರು, ಪಾಯಖಾನೆ ಕೂಡ ಸ್ವಚ್ಛ ಮಾಡಿದರು. ಯಾರೂ ಛಡಿ ಹಿಡಿದು ನಿಂತಿರಲಿಲ್ಲ. ಯಾರೂ ಚೀಟಿಯಲ್ಲಿ ತೂಕ ಬರೆಯಲಿಲ್ಲ. ಜೇಲಿನಲ್ಲಿಯೂ ಶ್ರಮ, ಇಲ್ಲಿಯೂ ಶ್ರಮ. ಆದರೆ ಜೇಲಿನಲ್ಲಿ ಹೆದರಿಕೆಯಿಂದ ಮಾಡೋದು, ಇಲ್ಲಿ ತಮ್ಮ ಮನಸ್ಸಿನಿಂದ ಮಾಡೋದು.

1932ರಲ್ಲಿ ಸರಕಾರ ಸೇವಾ ದಳಕ್ಕೆ ಬಂದಿ ಹಾಕಿತು. ಆದರೂ ಹರ್ಡೀಕರರು ಕೆಲಸ ಬಿಡಲಿಲ್ಲ. ನಮ್ಮ ಜಿಲ್ಲೆಯ ಘಟಪ್ರಭಾದ ಆರೋಗ್ಯಧಾಮದಲ್ಲೂ ಸೇವೆ ಮಾಡಿದರು. ಶೇಡಬಾಳ ಸ್ಟೇಶನ್ನಿನಲ್ಲಿ ಬೆಳಗಾವಿ ಕಡೆ ಹೋಗುವ ಗಾಡಿ ಹತ್ತಿದರೆ ಉಗಾರ, ಕುಡಚಿ, ರಾಯಬಾಗ ದಾಟಿ ಘಟಪ್ರಭಾ ಬರ್ತದ. ಇನ್ನು ಮುಂದೆ ಆ ಸ್ಟೇಶನ್ ಬಂದಾಗ ಅವರನ್ನ ನೆನೆಸಿರಿ. ಸ್ವಾತಂತ್ರ್ಯ ಬಂದ ಮೇಲೆ 1952ರಿಂದ 1962ರವರೆಗೆ ಅವರು ರಾಜ್ಯಸಭೆಯ ಸದಸ್ಯರಾಗಿದ್ದರು. 1958ರಲ್ಲಿ ಪದ್ಮಭೂಷಣ ಪ್ರಶಸ್ತಿ ಬಂತು. 1975ನೇ ಆಗಸ್ಟ್ 26ರಂದು ತೀರಿಕೊಂಡರು. ಅವರು ಬಿತ್ತಿದ ಬೀಜವೇ ನಮ್ಮ ಶಾಲೆಗಳಲ್ಲಿಯ ಭಾರತ ಸೇವಾ ದಳ.

ಕಡೆಗೆ ಒಂದು ಮಾತು. ಹೋದ ತಿಂಗಳು ಬಿಸಿಲು ಬಹಳ ಇತ್ತು. ಸೇವಾ ದಳದ ತಾಸಿಗೆ ಹೊಟ್ಟಿ ನೋಯ್ತದ ಅಂತ ಸುಳ್ಳು ಹೇಳಿ ನಾನು ವರ್ಗದಲ್ಲೇ ಕೂತೆ. ಯಾರಿಗೂ ಗೊತ್ತಾಗಲಿಲ್ಲ. ಜೇಲಿನಲ್ಲಾಗಿದ್ದರೆ ಇದಕ್ಕೆ ಶಿಕ್ಷೆ ಇತ್ತು. ಇಲ್ಲಿ ಶಿಕ್ಷೆ ಇಲ್ಲ, ಗುರುಗಳು ನಂಬಿದರು. ನಂಬಿದ್ದಕ್ಕೇ ನನಗೆ ಹೆಚ್ಚು ನಾಚಿಕೆ ಆಗ್ತದ. ಯಾರೂ ನೋಡದೆ ಇದ್ದಾಗಲೂ ಸಾಲಿನಲ್ಲಿ ನಿಲ್ಲೋದೇ ಹರ್ಡೀಕರರ ಶಿಸ್ತು ಅಂತ ನನಗೆ ಈಗ ತಿಳೀತು. ಹರ್ಡೀಕರರು ತಪ್ಪು ಮಾಡಿರಲಿಲ್ಲ, ಅದಕ್ಕೆ ಮಾಫಿ ಪತ್ರ ಬರೆಯಲಿಲ್ಲ. ನಾನು ತಪ್ಪು ಮಾಡೇನಿ. ಅದಕ್ಕೆ ಗುರುಗಳೆ, ಇದೇ ನನ್ನ ಮಾಫಿ ಪತ್ರ ಅಂತ ತಿಳೀರಿ.

ಇಂತಿ ನಿಮ್ಮ ಗೆಳೆಯ,
7ನೇ ಇಯತ್ತೆ, ಶೇಡಬಾಳ