ಉಡುಗೆಯನ್ನು ಕಲೆಯೆಂದು ಬಗೆದ ಕಮಲಾದೇವಿ ಚಟ್ಟೋಪಾಧ್ಯಾಯ

ಊಟ ತನ್ನಿಚ್ಛೆ, ನೋಟ ಪರರಿಚ್ಛೆ ಎಂಬ ಗಾದೆ ನಮ್ಮಲ್ಲಿ ಬಹುಕಾಲದಿಂದ ಬಳಕೆಯಲ್ಲಿದೆ. ಉಣ್ಣುವುದನ್ನು ತನ್ನ ರುಚಿಗೆ ತಕ್ಕಂತೆ ಉಣ್ಣಬಹುದು; ಉಡುವುದನ್ನು ಮಾತ್ರ ನೋಡುವವರ ಕಣ್ಣಿಗೆ ಒಪ್ಪುವಂತೆ ಉಡಬೇಕು ಎಂಬುದು ಅದರ ತಾತ್ಪರ್ಯ. ಈ ಮಾತಿನಲ್ಲಿ ಲೋಕಾನುಭವವಿದೆ, ನಿಜ. ಆದರೆ ಪರರ ಇಚ್ಛೆಯೇ ನ್ಯಾಯಕ್ಕೆ ದೂರವಾಗಿದ್ದರೆ ಮಾಡುವುದೇನು? ಈ ಪ್ರಶ್ನೆಗೆ ತಮ್ಮ ಬಾಳಿನಿಂದಲೇ ಉತ್ತರವನ್ನು ಕೊಟ್ಟ ಮಹನೀಯರಲ್ಲಿ ಮಂಗಳೂರಿನ ಶ್ರೀಮತಿ ಕಮಲಾದೇವಿ ಚಟ್ಟೋಪಾಧ್ಯಾಯರು ಒಬ್ಬರು.

ಕಮಲಾದೇವಿಯವರು 1903ನೆಯ ಇಸವಿಯ ಏಪ್ರಿಲ್ 3ರಂದು ಮಂಗಳೂರಿನ ಸಾರಸ್ವತ ಮನೆತನವೊಂದರಲ್ಲಿ ಜನಿಸಿದರು. ತಂದೆ ಅನಂತಯ್ಯ ಧಾರೇಶ್ವರರು ಸರಕಾರದ ಉನ್ನತ ಅಧಿಕಾರಿಗಳು. ತಾಯಿ ಗಿರಿಜಾಬಾಯಿಯವರು ವಿದ್ಯಾಪಕ್ಷಪಾತಿಗಳು, ಸ್ವತಂತ್ರ ಮನೋಭಾವದವರು. ಮಗಳು ಇನ್ನೂ ಎಳೆಯಳಾಗಿರುವಾಗಲೇ ತಂದೆ ತೀರಿಕೊಂಡರು. ಉಯಿಲು ಬರೆದಿರಲಿಲ್ಲವಾಗಿ ಆಸ್ತಿಯೆಲ್ಲವೂ ಮಲಮಗನ ಪಾಲಾಯಿತು. ಹೆಣ್ಣಿಗೆ ತನ್ನದೆಂಬುದು ಏನೂ ಇಲ್ಲದ ಕಾಲವದು. ಆ ಕಹಿಯನ್ನು ಬಾಲಕಿ ತನ್ನ ಮನೆಯಲ್ಲಿಯೇ ಕಂಡಳು.

ಹದಿನಾಲ್ಕರ ಹರೆಯದಲ್ಲಿ ಕಮಲಾದೇವಿಯವರಿಗೆ ವಿವಾಹವಾಯಿತು. ಎರಡು ವರ್ಷ ತುಂಬುವುದರೊಳಗೆ ವೈಧವ್ಯವೂ ಒದಗಿತು. ಅಂದಿನ ಮೇಲುಜಾತಿಯ ಮನೆಗಳಲ್ಲಿ ವಿಧವೆಯಾದವಳಿಗೆ ಬಣ್ಣದ ಸೀರೆಯಿಲ್ಲ, ಬಳೆಯಿಲ್ಲ, ಹೂವಿಲ್ಲ, ಕುಂಕುಮವಿಲ್ಲ. ಅನೇಕ ಕಡೆಗಳಲ್ಲಿ ತಲೆಗೂದಲನ್ನೂ ಉಳಿಸುತ್ತಿರಲಿಲ್ಲ. ವಯಸ್ಸು ಹದಿನಾರಾಗಲಿ ಅರುವತ್ತಾಗಲಿ, ಕಟ್ಟಳೆ ಒಂದೇ. ಉಡುಗೆಯ ಮೂಲಕವೇ ಸಮಾಜವು ಒಂದು ಜೀವಕ್ಕೆ ಬಾಗಿಲು ಮುಚ್ಚುತ್ತಿದ್ದ ಬಗೆ ಇದು. ಕಮಲಾದೇವಿಯವರು ಈ ಬಾಗಿಲಿನ ಒಳಗೆ ಉಳಿಯಲಿಲ್ಲ. ಮದರಾಸಿಗೆ ಹೋಗಿ ಕ್ವೀನ್ ಮೇರೀಸ್ ಕಾಲೇಜಿನಲ್ಲಿ ವ್ಯಾಸಂಗವನ್ನು ಮುಂದುವರಿಸಿದರು. ಅಲ್ಲಿ ಸಹಪಾಠಿಯಾಗಿದ್ದ ಸುಹಾಸಿನಿಯವರು ಸರೋಜಿನಿ ನಾಯಿಡು ಅವರ ತಂಗಿ. ಅವರ ಮೂಲಕ ಕವಿ ಹರೀಂದ್ರನಾಥ ಚಟ್ಟೋಪಾಧ್ಯಾಯರ ಪರಿಚಯವಾಗಿ, ಮುಂದೆ ಅವರನ್ನೇ ವರಿಸಿದರು. ವಿಧವೆಯ ಮರುಮದುವೆಯೆಂದು ಬಂಧುಬಳಗದವರು ಕೆರಳಿದರೂ ಅವರು ಎದೆಗುಂದಲಿಲ್ಲ.

ಕೆಲಕಾಲ ಲಂಡನ್ನಿನಲ್ಲಿದ್ದು 1923ರಲ್ಲಿ ಸ್ವದೇಶಕ್ಕೆ ಮರಳಿದ ಅವರನ್ನು ಗಾಂಧೀಜಿಯವರ ಚಳವಳಿ ಸೆಳೆದುಕೊಂಡಿತು. ಆಗ ದೇಶದಲ್ಲಿ ಒಂದು ಗಜ ಬಟ್ಟೆಯೂ ಮಾತನಾಡುತ್ತಿತ್ತು. ಪರದೇಶದ ಗಿರಣಿಯ ಅರಿವೆಯನ್ನು ತೊರೆದು ಒರಟಾದ ಖಾದಿಯನ್ನು ಉಟ್ಟವನು ಬಾಯಿ ತೆರೆಯದೆಯೇ ತನ್ನ ಪಕ್ಷವನ್ನು ಸಾರುತ್ತಿದ್ದನು. ಉಟ್ಟ ಬಟ್ಟೆಗೂ ಮನಸ್ಸಿನ ನಿಲುವಿಗೂ ಸಂಬಂಧವುಂಟೆಂಬ ಪಾಠ ಕಮಲಾದೇವಿಯವರಿಗೆ ಇಲ್ಲಿ ದೃಢವಾಯಿತು. 1930ರ ಉಪ್ಪಿನ ಸತ್ಯಾಗ್ರಹದಲ್ಲಿ ಸ್ತ್ರೀಯರಿಗೂ ಸ್ಥಾನವಿರಬೇಕೆಂದು ಅವರು ಗಾಂಧೀಜಿಯವರೊಡನೆ ವಾದಿಸಿ ಒಪ್ಪಿಗೆಯನ್ನು ಪಡೆದರು. ನಮ್ಮ ಮುಂಬಯಿಯ ಬೀದಿಗಳಲ್ಲಿಯೇ ಉಪ್ಪಿನ ಪೊಟ್ಟಣಗಳನ್ನು ಮಾರಿದರು, ಷೇರು ಪೇಟೆಯೊಳಕ್ಕೂ ಉಪ್ಪನ್ನು ಒಯ್ದರು, ಸೆರೆಮನೆಯನ್ನು ಕಂಡರು. ಮರುವರ್ಷವೇ, ಕುಲೀನ ಸ್ತ್ರೀಯರು ನಟಿಸುವುದು ನಿಂದ್ಯವೆನಿಸಿದ್ದ ಆ ದಿನಗಳಲ್ಲಿ, ವಸಂತಸೇನಾ ಎಂಬ ಮೂಕಿ ಚಿತ್ರದಲ್ಲಿ ಅಭಿನಯಿಸಿದರು.

ಸ್ವಾತಂತ್ರ್ಯ ಬಂದ ಮೇಲೆ ಅವರ ಸಂಗಾತಿಗಳಲ್ಲಿ ಅನೇಕರು ಅಧಿಕಾರದ ಪೀಠಗಳನ್ನು ಏರಿದರು. ಕಮಲಾದೇವಿಯವರು ಹೋದದ್ದು ನಿರಾಶ್ರಿತರ ಶಿಬಿರಗಳಿಗೆ, ನೇಕಾರರ ಓಣಿಗಳಿಗೆ. ದೇಶವಿಭಜನೆಯಿಂದ ಮನೆಮಠ ಕಳೆದುಕೊಂಡವರಿಗಾಗಿ 1948ರಲ್ಲಿ ಸಹಕಾರ ಸಂಘವನ್ನು ಕಟ್ಟಿ, ಫರೀದಾಬಾದಿನಲ್ಲಿ ನೆಲೆ ಕಲ್ಪಿಸಲು ದುಡಿದರು. 1952ರಲ್ಲಿ ಅಖಿಲ ಭಾರತ ಕರಕುಶಲ ಮಂಡಲಿಯು ಸ್ಥಾಪನೆಯಾದಾಗ ಅದರ ಮುಂದಾಳುತನ ಅವರಿಗೆ ಬಂದಿತು. ಗಿರಣಿಯ ಅಗ್ಗದ ಬಟ್ಟೆಯೂ ರಾಸಾಯನಿಕ ಬಣ್ಣಗಳೂ ಪೇಟೆಯನ್ನು ತುಂಬಿ, ಕೈಕಸುಬಿನವರ ಒಲೆ ಆರುತ್ತಿದ್ದ ಕಾಲ. ಅವರು ಊರೂರು ತಿರುಗಿ, ಕಸುಬನ್ನು ಬಲ್ಲ ಮುದುಕರನ್ನು ಹುಡುಕಿ, ಅವರ ವಿದ್ಯೆ ಅವರೊಂದಿಗೇ ಅಳಿಯದಂತೆ ನೋಡಿಕೊಂಡರು.

ಒಂದು ದೃಷ್ಟಾಂತವನ್ನು ನೋಡೋಣ. ಆಂಧ್ರದ ಶ್ರೀಕಾಳಹಸ್ತಿಯಲ್ಲಿ ಕಲಂಕಾರಿ ಎಂಬ ಕಲೆಯುಂಟು. ಬಟ್ಟೆಯ ಮೇಲೆ ಲೇಖನಿಯಿಂದ ಚಿತ್ರ ಬರೆಯುವ ಕೆಲಸವದು. ಮೊದಲು ಬಟ್ಟೆಯನ್ನು ಅಳಲೆಕಾಯಿಯ ರಸ ಬೆರೆಸಿದ ಎಮ್ಮೆಯ ಹಾಲಿನಲ್ಲಿ ಅದ್ದಿ ಒಣಗಿಸಬೇಕು. ಬಣ್ಣ ಹರಡದಿರುವುದು ಹಾಲಿನ ಜಿಡ್ಡಿನಿಂದ. ಹುಣಿಸೆಕಡ್ಡಿಯ ಇದ್ದಿಲಿನಿಂದ ಗೆರೆ ಹಾಕಿ, ತುದಿಗೆ ಬಟ್ಟೆ ಸುತ್ತಿದ ಬಿದಿರಿನ ಲೇಖನಿಯಿಂದ ಅದನ್ನು ತಿದ್ದಬೇಕು. ಕಪ್ಪು ಬಣ್ಣ ಬರುವುದು ತುಕ್ಕುಹಿಡಿದ ಕಬ್ಬಿಣವನ್ನು ಬೆಲ್ಲದ ನೀರಿನಲ್ಲಿ ದಿನಗಟ್ಟಲೆ ಹುಳಿಯಿಸಿ. ಕೆಂಪು ಬೇಕಾದೆಡೆ ಪಟಿಕದ ನೀರನ್ನು ಬಳಿದು, ಬೇರಿನ ಬಣ್ಣದಲ್ಲಿ ಕುದಿಸಿದರೆ ಪಟಿಕ ತಾಗಿದಲ್ಲಿ ಮಾತ್ರ ಕೆಂಪು ನೆಲೆನಿಲ್ಲುತ್ತದೆ. ಪ್ರತಿ ಹಂತದಲ್ಲಿಯೂ ಹರಿಯುವ ನೀರಿನಲ್ಲಿ ಜಾಲಿಸಬೇಕು. ದೇವಾಲಯಗಳ ಆಶ್ರಯ ತಪ್ಪಿ ಈ ಕಲೆಯು ನಶಿಸುತ್ತಿದ್ದಾಗ, 1950ರ ದಶಕದಲ್ಲಿ ಅಲ್ಲಿ ಶಿಕ್ಷಣ ಕೇಂದ್ರವನ್ನು ತೆರೆಯಿಸಿದವರು ಕಮಲಾದೇವಿಯವರು. ಹಳೆಯ ಕೈಗಳಿಂದ ಎಳೆಯ ಕೈಗಳಿಗೆ ವಿದ್ಯೆ ದಾಟಿತು. ಗುಡಿಯ ಗೋಡೆಗೆ ತೂಗುತ್ತಿದ್ದ ಚಿತ್ತಾರ ಕ್ರಮೇಣ ಸೀರೆಯ ಸೆರಗಿಗೂ ಬಂದಿತು.

ಹೀಗೆ ಮಾಡಿದ ಬಟ್ಟೆಯನ್ನು ಕೇವಲ ಸರಕೆನ್ನಬಹುದೇ? ಚಿತ್ರಕಾರನ ಪಟಕ್ಕೂ ನೇಕಾರನ ಸೀರೆಗೂ ಮೇಲುಕೀಳಿಲ್ಲವೆಂಬುದೇ ಕಮಲಾದೇವಿಯವರ ನಂಬಿಕೆ. 1965ರಿಂದ ಕುಶಲಕರ್ಮಿಗಳಿಗೆ ರಾಷ್ಟ್ರಪ್ರಶಸ್ತಿ ಸಲ್ಲತೊಡಗಿದುದರ ಹಿಂದೆ ಈ ನಂಬಿಕೆಯ ಬಲವಿತ್ತು. ಹೆಂಗಸರು ಮನೆಯಲ್ಲಿ ಕುಳಿತು ಹಾಕುವ ಸೂಜಿಯ ಕೆಲಸಕ್ಕೂ ಅವರು ಕಲೆಯ ಗೌರವವನ್ನೇ ಕೊಟ್ಟು, 1977ರಲ್ಲಿ ಭಾರತೀಯ ಕಸೂತಿಯ ಮೇಲೆ ಗ್ರಂಥವನ್ನು ಪ್ರಕಟಿಸಿದರು. ಧಾರವಾಡದ ಕಡೆಯ ಅಜ್ಜಿಯರು ಇಳಕಲ್ ಸೀರೆಯ ಮೇಲೆ ಗಂಟಿಲ್ಲದೆ ತೆಗೆಯುವ ಗೋಪುರ, ತೇರು, ಆನೆಗಳನ್ನು ಬಲ್ಲವರಿಗೆ ಆ ಗೌರವದ ಅರ್ಥ ತಿಳಿಯದಿರದು.

ತಾವು ಸಾರಿದ್ದನ್ನು ಕಮಲಾದೇವಿಯವರು ತಾವೇ ಉಟ್ಟು ತೋರಿಸಿದರು. ಕೈಮಗ್ಗದ ಸೀರೆ, ಕುಶಲಿಗಳು ಮಾಡಿದ ಆಭರಣ, ಇವು ಅವರ ವ್ಯಕ್ತಿತ್ವದ ಅಂಗವೇ ಆಗಿದ್ದವು. ವಯಸ್ಸಾಯಿತೆಂದು ಅವರು ಬಣ್ಣವನ್ನು ಬಿಡಲಿಲ್ಲ, ಕೆಲಸವನ್ನೂ ಬಿಡಲಿಲ್ಲ. 1966ರಲ್ಲಿ ಮ್ಯಾಗ್ಸೇಸೆ ಪ್ರಶಸ್ತಿ ಬಂದಾಗ ಅವರಿಗೆ 63. ಭಾರತದ ಕರಕುಶಲ ಕಲೆಗಳನ್ನು ಕುರಿತ ಗ್ರಂಥ ಹೊರಬಂದಾಗ 72. ಆತ್ಮಕಥೆಯನ್ನು ಪ್ರಕಟಿಸಿದಾಗ 83. 1987ರಲ್ಲಿ ಪದ್ಮವಿಭೂಷಣ ಗೌರವ ಸಂದಿತು. ಮರುವರ್ಷ ಅಕ್ಟೋಬರ್ 29ರಂದು, ಹಿಂದೆ ಉಪ್ಪು ಮಾರಿ ಸೆರೆಗೆ ಹೋದ ಈ ಮುಂಬಯಿಯಲ್ಲಿಯೇ, ಅವರು ಕೊನೆಯುಸಿರೆಳೆದರು.

ವಿದ್ಯಾರ್ಥಿ ಮಿತ್ರರೇ, ಈ ಮಹಾನಗರದ ಅಂಗಡಿಬೀದಿಗಳಲ್ಲಿ ದಿನಕ್ಕೊಂದು ಹೊಸ ಉಡುಪು ನಮ್ಮ ಕಣ್ಣನ್ನು ಕೋರೈಸುತ್ತದೆ. ಹತ್ತು ಜನರು ತೊಟ್ಟರೆಂದು ತೊಡುವುದೂ, ಹತ್ತು ಜನರು ನಕ್ಕಾರೆಂದು ಬಿಡುವುದೂ ಪರರ ಇಚ್ಛೆಗೆ ತಲೆಬಾಗಿದಂತೆಯೇ. ಶೃಂಗಾರವು ತಪ್ಪಲ್ಲ, ಅರಿವಿಲ್ಲದ ಅನುಕರಣೆ ತಪ್ಪು. ಕೊಳ್ಳುವ ಮುನ್ನ ಇದನ್ನು ನೇಯ್ದವರು ಯಾರು, ಇದು ನನ್ನ ಮನಸ್ಸಿಗೆ ಒಪ್ಪುವುದೇಕೆ ಎಂದು ಕೇಳಿಕೊಂಡರೆ ಉಡುಗೆಯು ತನ್ನದಾಗುತ್ತದೆ. ಮನೆಯಲ್ಲಿ ಅಜ್ಜಿಯು ಬಣ್ಣದ ಸೀರೆಯೊಂದನ್ನು ಆಸೆಯಿಂದ ಮುಟ್ಟಿ ನೋಡಿದರೆ, ಈ ವಯಸ್ಸಿನಲ್ಲಿ ಇದೇಕೆ ಎನ್ನದಿರೋಣ. ಬಣ್ಣವನ್ನು ಕಸಿದುಕೊಳ್ಳುವ ಅಧಿಕಾರ ಯಾರಿಗೂ ಇಲ್ಲವೆಂಬುದನ್ನು ಮಂಗಳೂರಿನ ಆ ಬಾಲವಿಧವೆಯು ಎಂಬತ್ತೈದು ವರ್ಷ ಬಾಳಿ ತೋರಿಸಿದ್ದಾರೆ.