ಹೊಳೆಯುವ ಬ್ಯಾಕ್ಟೀರಿಯಾದ ಬೆಳಕಲ್ಲಿ ಕಿಣ್ವ ಕಂಡ ಬೈಯರಿಂಕ್

ಕತ್ತಲಲ್ಲಿಟ್ಟ ಸಮುದ್ರದ ಮೀನು ನೀಲಿ-ಹಸಿರಾಗಿ ಹೊಳೆದರೆ ಅದು ದೆವ್ವದ ಕಾಟವೇ? ಮೀನಿಗೆ ರಾಸಾಯನಿಕ ಹಾಕಿದ್ದಾರೆಯೇ? ಎರಡೂ ಆಗಬೇಕಿಲ್ಲ. ಸಮುದ್ರದ ಕೆಲವು ಬ್ಯಾಕ್ಟೀರಿಯಾಗಳು ತಾವೇ ಬೆಳಕು ಸೂಸುತ್ತವೆ. ಆ ಬೆಳಕನ್ನೇ ಬಳಸಿ ಕಣ್ಣಿಗೆ ಕಾಣದ ಕಿಣ್ವವೊಂದನ್ನು ಪತ್ತೆ ಮಾಡಿದವರು ನೆದರ್ಲೆಂಡ್ಸ್‌ನ ಮಾರ್ಟಿನಸ್ ಬೈಯರಿಂಕ್.

ಯಾರು ಈ ಬೈಯರಿಂಕ್?

ಹುಟ್ಟಿದ್ದು 1851ರಲ್ಲಿ, ಆಮ್ಸ್‌ಟರ್‌ಡ್ಯಾಮ್‌ನಲ್ಲಿ. ತಂದೆಯ ವ್ಯಾಪಾರ ಮುಳುಗಿ ಮನೆಯಲ್ಲಿ ಹಣದ ಮುಗ್ಗಟ್ಟಿತ್ತು. ಆದರೂ ಓದು ಬಿಡಲಿಲ್ಲ. 1877ರಲ್ಲಿ ಲೈಡನ್ ವಿಶ್ವವಿದ್ಯಾಲಯದಿಂದ ಡಾಕ್ಟರೇಟ್ ಪಡೆದರು, ಕೃಷಿ ಶಾಲೆಯಲ್ಲಿ ಪಾಠ ಮಾಡಿದರು. 1885ರಲ್ಲಿ ಡೆಲ್ಫ್ಟ್ ಊರಿನ ಯೀಸ್ಟ್ ಕಾರ್ಖಾನೆಗೆ ಸೂಕ್ಷ್ಮಜೀವಿ ತಜ್ಞರಾಗಿ ಸೇರಿದರು.

ಬೆಳಕು ಕೊಟ್ಟ ಸುಳಿವು

ಹೊಳೆಯುವ ಬ್ಯಾಕ್ಟೀರಿಯಾಗಳನ್ನು ಬೆಳೆಸುವಾಗ ಅವರು ಒಂದು ವಿಷಯ ಗಮನಿಸಿದರು. ಗ್ಲೂಕೋಸ್‌ನಂಥ ಸರಳ ಸಕ್ಕರೆ ಸಿಕ್ಕರೆ ಇವುಗಳ ಬೆಳಕು ಹೆಚ್ಚುತ್ತದೆ. ಹಾಲಿನ ಸಕ್ಕರೆಯಾದ ಲ್ಯಾಕ್ಟೋಸ್ ಕೊಟ್ಟರೆ ಹೆಚ್ಚುವುದಿಲ್ಲ, ಏಕೆಂದರೆ ಅದನ್ನು ಒಡೆಯಲು ಇವಕ್ಕೆ ಬಾರದು.

ಬ್ಯಾಕ್ಟೀರಿಯಾ ಮತ್ತು ಲ್ಯಾಕ್ಟೋಸ್ ಬೆರೆಸಿದ ಜೆಲಟಿನ್ ಮೇಲೆ ಅವರು ಕೆಫಿರ್ ಎಂಬ ಹುದುಗಿಸಿದ ಹಾಲಿನ ಯೀಸ್ಟ್ ಇಟ್ಟರು. ಯೀಸ್ಟ್‌ನ ಸುತ್ತ ಬೆಳಕು ಹೆಚ್ಚಿತು! ಯೀಸ್ಟ್‌ನಿಂದ ಹೊರಬಂದ ಏನೋ ಒಂದು ಲ್ಯಾಕ್ಟೋಸನ್ನು ಸರಳ ಸಕ್ಕರೆಗಳಾಗಿ ಒಡೆದಿತ್ತು. 1889ರಲ್ಲಿ ಅದಕ್ಕೆ ಲ್ಯಾಕ್ಟೇಸ್ ಎಂದು ಹೆಸರಿಟ್ಟರು.

ಹಾಲು ಕುಡಿದರೆ ಹೊಟ್ಟೆಯುಬ್ಬರ ಆಗುವ ಹಲವರಲ್ಲಿ ಕಡಿಮೆ ಇರುವುದು ಇದೇ ಕಿಣ್ವ. ಇದು ಹಾಲಿನ ಅಲರ್ಜಿಯಲ್ಲ, ಅದು ಬೇರೆ ತೊಂದರೆ. ಅಂಗಡಿಯಲ್ಲಿ ಸಿಗುವ ಲ್ಯಾಕ್ಟೋಸ್‌ರಹಿತ ಹಾಲನ್ನು ಸಾಮಾನ್ಯವಾಗಿ ಲ್ಯಾಕ್ಟೇಸ್ ಬೆರೆಸಿಯೇ ತಯಾರಿಸುತ್ತಾರೆ.

ಬೇಕಾದವರಿಗೆ ಮಾತ್ರ ಊಟ

1895ರಲ್ಲಿ ಅವರು ಡೆಲ್ಫ್ಟ್‌ನಲ್ಲಿ ಪ್ರಾಧ್ಯಾಪಕರಾದರು. ಚಿಟಿಕೆ ಮಣ್ಣಿನಲ್ಲೇ ಲೆಕ್ಕವಿಲ್ಲದಷ್ಟು ಬ್ಯಾಕ್ಟೀರಿಯಾಗಳಿರುತ್ತವೆ. ಅದರಲ್ಲಿ ಬೇಕಾದ್ದನ್ನು ಆರಿಸುವುದು ಹೇಗೆ? ಅದು ಮಾತ್ರ ತಿನ್ನಬಲ್ಲ ಊಟ ಬಡಿಸಿ, ಉಳಿದವು ತಾವೇ ಹಿಂದೆ ಬೀಳುತ್ತವೆ. ಈ ಉಪಾಯದಿಂದಲೇ 1901ರಲ್ಲಿ, ಗಾಳಿಯ ಸಾರಜನಕ ಬಳಸುವ ಅಜೋಟೋಬ್ಯಾಕ್ಟರ್ ಅನ್ನು ಬೇರ್ಪಡಿಸಿದರು.

ಇಂದಿಗೂ ಕರಾವಳಿಯ ಕೆಸರು, ಕಾಂಡ್ಲಾ ಕಾಡಿನ ಮಣ್ಣಿನಲ್ಲಿ ಕಿಣ್ವ ಹುಡುಕುವವರು ಇದೇ ದಾರಿ ಹಿಡಿಯುತ್ತಾರೆ. ಸಿಗಡಿ ಚಿಪ್ಪಿನ ಕೈಟಿನ್ ಕೊಟ್ಟರೆ ಅದನ್ನು ಕರಗಿಸುವ ಬ್ಯಾಕ್ಟೀರಿಯಾ ಮೇಲೇಳುತ್ತದೆ. ಪಿಷ್ಟ ಬೆರೆಸಿದ ತಟ್ಟೆಯಲ್ಲಿ ಬೆಳೆಸಿ ಅಯೋಡಿನ್ ಸುರಿದರೆ ತಟ್ಟೆಯೆಲ್ಲ ಕಡುನೀಲಿಯಾಗುತ್ತದೆ. ಪಿಷ್ಟ ಒಡೆಯುವ ಬ್ಯಾಕ್ಟೀರಿಯಾದ ಸುತ್ತ ಮಾತ್ರ ಬಣ್ಣವಿಲ್ಲದ ಉಂಗುರ ಉಳಿಯುತ್ತದೆ. ಬಟ್ಟೆಯ ಸೋಪಿನ ಪುಡಿಯಲ್ಲೂ ಇಂಥ ಪಿಷ್ಟ ಒಡೆಯುವ ಕಿಣ್ವ ಬಳಕೆಯಲ್ಲಿದೆ.

ಬೈಯರಿಂಕ್ ಮದುವೆಯಾಗಲಿಲ್ಲ. ವಿದ್ಯಾರ್ಥಿಗಳಿಗೆ ಅವರ ಸಿಟ್ಟೆಂದರೆ ಭಯ. 1921ರಲ್ಲಿ ನಿವೃತ್ತರಾಗಿ ಹಳ್ಳಿ ಸೇರಿದರು, 1931ರ ಜನವರಿ 1ರಂದು ತೀರಿಕೊಂಡರು.

ನೆನಪಿಡಿ

• ಬ್ಯಾಕ್ಟೀರಿಯಾ ಎಂದರೆ ರೋಗವಷ್ಟೇ ಅಲ್ಲ. ಹೆಚ್ಚಿನವು ನಮಗೆ ಕೇಡು ಮಾಡುವುದಿಲ್ಲ.
• ಮೀನು ಹೊಳೆಯುವುದು ರಾಸಾಯನಿಕ ಬೆರೆಸಿದ್ದಕ್ಕೆ ಸಾಕ್ಷಿಯಲ್ಲ. ಹಳಸಿದ ಮೀನನ್ನಂತೂ ತಿನ್ನಬೇಡಿ.
• ವಿಡಿಯೋಗಳಲ್ಲಿ ಕಾಣುವ ನೀಲಿ ಅಲೆಗಳಿಗೆ ಸಾಮಾನ್ಯವಾಗಿ ಕಾರಣ ಬ್ಯಾಕ್ಟೀರಿಯಾ ಅಲ್ಲ, ನಾಕ್ಟಿಲುಕಾದಂಥ ಪ್ಲವಕಗಳು.
• ಹಾಲು ಒಗ್ಗದಿದ್ದರೆ ಫಾರ್ವರ್ಡ್ ನಂಬಿ ಮದ್ದು ಮಾಡದೆ ವೈದ್ಯರನ್ನು ಕೇಳಿ.