ಮೌನಿ ವಿಲಿಯಮನೂ ಹಾಲೆಂಡಿನ ನೀರೂ

ಪರ್ವತಗಳಿಂದ ಕೂಡಿದ ಸ್ವಿಟ್ಜರ್ಲೆಂಡಿನಂತಹ ದೇಶಕ್ಕೆ ಪ್ರಕೃತಿಯೇ ಕೋಟೆಯನ್ನು ಕಟ್ಟಿಕೊಟ್ಟಿರುವುದೆಂದು ನಾವು ಭೂಗೋಳದ ಪಾಠಗಳಲ್ಲಿ ಓದಿರುವೆವು. ಆದರೆ ಬೆಟ್ಟವಾಗಲಿ ಕಣಿವೆಯಾಗಲಿ ಇಲ್ಲದೆ ಅಂಗೈಯಂತೆ ಸಮನಾಗಿರುವ ಹಾಲೆಂಡು, ಒಂದು ಕಾಲದಲ್ಲಿ ಯೂರೋಪಿನಲ್ಲೆಲ್ಲಾ ಬಲಿಷ್ಠವಾಗಿದ್ದ ಸ್ಪೇನಿನ ಸೈನ್ಯವನ್ನು ತಡೆದು ನಿಲ್ಲಿಸಿತು. ಇದು ಹೇಗೆ ಸಾಧ್ಯವಾಯಿತೆಂಬುದನ್ನು ತಿಳಿಯಬೇಕಾದರೆ ನಾವು ಆರೆಂಜಿನ ರಾಜಕುಮಾರನಾದ ವಿಲಿಯಮನ ಚರಿತ್ರೆಯನ್ನು ನೋಡಬೇಕು.

ವಿಲಿಯಮನು 1533ನೆಯ ಇಸವಿ ಏಪ್ರಿಲ್ 24ರಂದು ಜರ್ಮನಿಯ ಡಿಲ್ಲೆನ್‌ಬರ್ಗ್ ಎಂಬಲ್ಲಿ ನಸೌ ಪ್ರಭುವಿನ ಮಗನಾಗಿ ಜನಿಸಿದನು. ಹನ್ನೊಂದನೆಯ ವಯಸ್ಸಿನಲ್ಲಿಯೇ ದಾಯಾದಿಯೊಬ್ಬನ ಮರಣದಿಂದ ಆರೆಂಜ್ ಸಂಸ್ಥಾನವೂ ಅಪಾರವಾದ ಆಸ್ತಿಯೂ ಅವನ ಕೈಸೇರಿದವು. ಚಕ್ರವರ್ತಿಯಾದ ಐದನೆಯ ಚಾರ್ಲ್ಸನ ಆಸ್ಥಾನದಲ್ಲಿ ಬೆಳೆದು ಅವನ ವಿಶ್ವಾಸಕ್ಕೆ ಪಾತ್ರನಾದನು. 1559ರಲ್ಲಿ ಚಾರ್ಲ್ಸನ ಮಗನಾದ ಎರಡನೆಯ ಫಿಲಿಪ್ ದೊರೆಯು ಅವನನ್ನು ಹಾಲೆಂಡ್, ಜೀಲೆಂಡ್, ಉಟ್ರೆಕ್ಟ್ ಎಂಬ ಪ್ರಾಂತಗಳಿಗೆ ಅಧಿಪತಿಯನ್ನಾಗಿ ನೇಮಿಸಿದನು. ಚರಿತ್ರೆಯು ಅವನನ್ನು ಮೌನಿಯೆಂದು ಕರೆದಿದ್ದರೂ ಅವನು ಮಾತು ಬಾರದವನಲ್ಲ. ಸರಸವಾಗಿ ಮಾತನಾಡಬಲ್ಲವನಾಗಿದ್ದು, ಗುಟ್ಟನ್ನು ಮಾತ್ರ ಬಿಟ್ಟುಕೊಡದವನಾಗಿದ್ದನು.

ಫಿಲಿಪನು ಮತಭೇದವನ್ನು ಸಹಿಸದೆ, 1567ರಲ್ಲಿ ಆಲ್ವಾ ಪ್ರಭುವನ್ನು ದೊಡ್ಡ ಸೈನ್ಯದೊಡನೆ ಅಲ್ಲಿಗೆ ಕಳುಹಿಸಿದನು. ಸಾವಿರಾರು ಜನರು ವಿಚಾರಣೆಗೆ ಗುರಿಯಾದರು, ಅನೇಕರ ತಲೆಗಳುರುಳಿದವು. ವಿಲಿಯಮನು ಜರ್ಮನಿಗೆ ಹಿಂತಿರುಗಿ, ತನ್ನ ಸೊತ್ತನ್ನು ಒತ್ತೆಯಿಟ್ಟು, ಕೂಲಿಯ ಸೈನಿಕರನ್ನು ಕೂಡಿಸಿ 1568ರಲ್ಲಿ ಯುದ್ಧಕ್ಕೆ ಹೊರಟನು. ಆ ವರ್ಷವೇ ಅವನ ತಮ್ಮನಾದ ಅಡಾಲ್ಫನು ರಣದಲ್ಲಿ ಮಡಿದನು. ಬಯಲಿನಲ್ಲಿ ಎದುರೆದುರು ನಿಂತು ಸ್ಪೇನಿನ ಪದಾತಿಗಳನ್ನು ಗೆಲ್ಲುವುದು ಅವನಿಂದಾಗಲಿಲ್ಲ. ಸಂಬಳಕ್ಕೆ ಹಣವಿಲ್ಲದೆ ಸೈನ್ಯವು ಚದರಿಹೋಯಿತು.

ಆದರೆ ಹಾಲೆಂಡಿನ ನೆಲದ ರೀತಿಯೇ ಬೇರೆ. ಅಲ್ಲಿಯ ಭೂಮಿಯ ದೊಡ್ಡದೊಂದು ಭಾಗವು ಸಮುದ್ರದ ಮಟ್ಟಕ್ಕಿಂತ ತಗ್ಗಿನಲ್ಲಿರುವುದು. ರೈತರು ತಲೆತಲಾಂತರದಿಂದ ಏರಿಗಳನ್ನು ಹಾಕಿ, ನೀರನ್ನು ಹೊರಗೆ ಸಾಗಿಸಿ, ಕಡಲಿನ ಬಾಯಿಂದ ಹೊಲಗಳನ್ನು ಬಿಡಿಸಿಕೊಂಡಿದ್ದರು. 1572ನೆಯ ಇಸವಿ ಏಪ್ರಿಲ್ 1ರಂದು, ಸಮುದ್ರದ ಭಿಕ್ಷುಕರೆಂಬ ಹೆಸರಿನ ನಾವಿಕರು ಬ್ರೀಲ್ ಎಂಬ ರೇವುಪಟ್ಟಣವನ್ನು ಹಿಡಿದರು. ಅಂದಿನಿಂದ ವಿಲಿಯಮನ ಪಕ್ಷಕ್ಕೆ ನೀರು ಆಶ್ರಯವಾಯಿತು. ಮರುವರ್ಷ ಆಲ್ಕ್‌ಮಾರ್ ಪಟ್ಟಣವನ್ನು ಮುತ್ತಿದ್ದ ಶತ್ರುಗಳು ಸುತ್ತಣ ಬಯಲು ಮುಳುಗುವುದೆಂದು ತಿಳಿದು ಹಿಂದೆಗೆದರು.

1574ರಲ್ಲಿ ಎಲ್ಲಕ್ಕಿಂತ ಕಠಿಣವಾದ ಪರೀಕ್ಷೆ ಬಂದಿತು. ಏಪ್ರಿಲ್ ತಿಂಗಳಲ್ಲಿ ವಿಲಿಯಮನ ಇನ್ನಿಬ್ಬರು ತಮ್ಮಂದಿರು, ಲೂಯಿ ಮತ್ತು ಹೆನ್ರಿ, ಒಂದೇ ಯುದ್ಧದಲ್ಲಿ ಹತರಾದರು. ಮೇ ತಿಂಗಳಲ್ಲಿ ಸ್ಪೇನಿನವರು ಲೈಡನ್ ಪಟ್ಟಣಕ್ಕೆ ಮತ್ತೆ ಮುತ್ತಿಗೆ ಹಾಕಿದರು. ಅದನ್ನು ಬಿಡಿಸಬಲ್ಲ ಸೈನ್ಯವು ವಿಲಿಯಮನಲ್ಲಿರಲಿಲ್ಲ. ಏರಿಗಳನ್ನು ಕಡಿದು, ಕಡಲನ್ನೇ ಪಟ್ಟಣದ ಬಾಗಿಲಿಗೆ ಕರೆದು, ಆ ನೀರಿನ ಮೇಲೆ ದೋಣಿಗಳನ್ನು ಸಾಗಿಸಬೇಕೆಂದು ಅವನು ಪ್ರಾಂತದ ಸಭೆಯನ್ನು ಒಪ್ಪಿಸಿದನು. ಆ ಒಪ್ಪಿಗೆಯ ಭಾರವನ್ನು ನಾವು ಯೋಚಿಸಬೇಕು. ಮುಳುಗುವುದು ಶತ್ರುವಿನ ನೆಲವಲ್ಲ, ತಮ್ಮದೇ ಹೊಲ. ಕೆಡುವುದು ತಮ್ಮದೇ ಬೆಳೆ. ಆಗಸ್ಟ್ 3ರಂದು ಏರಿಗಳನ್ನು ಒಡೆದು, ತೂಬುಗಳನ್ನು ತೆರೆದರು.

ಆದರೂ ನೀರು ಕೂಡಲೆ ಏರಲಿಲ್ಲ. ಗಾಳಿಯು ಎದುರಾಗಿ ಬೀಸುತ್ತಿತ್ತು; ಒಳಗಿನ ಏರಿಗಳು ಒಂದಾದ ಮೇಲೊಂದು ಅಡ್ಡಬಂದವು. ವಿಲಿಯಮನು ರಾಟರ್ಡ್ಯಾಮಿನಲ್ಲಿ ತೀವ್ರವಾದ ಜ್ವರದಿಂದ ಹಾಸಿಗೆ ಹಿಡಿದನು. ಗುಣಮುಖನಾದೊಡನೆ ಮತ್ತೆ ಕೆಲಸಕ್ಕೆ ನಿಂತನು. ಸೇನಾಪತಿ ಬೊಯ್ಸೊ ಎಂಬವನು ಚಪ್ಪಟೆ ತಳದ ದೋಣಿಗಳನ್ನು ನಡೆಸಿಕೊಂಡು ಒಂದೊಂದು ಏರಿಗಾಗಿಯೂ ಕಾದಾಡಿದನು. ಪಟ್ಟಣದೊಳಗೆ ರೊಟ್ಟಿ ತೀರಿತು. ಹಸಿವಿನಿಂದಲೂ ರೋಗದಿಂದಲೂ ಸುಮಾರು 6,000 ಮಂದಿ ಸತ್ತರೆಂದು ಹೇಳುವರು. ಪಾರಿವಾಳಗಳು ತಂದ ಪತ್ರಗಳೇ ಉಳಿದವರಿಗೆ ಧೈರ್ಯವನ್ನು ಕೊಡುತ್ತಿದ್ದವು. ಅಕ್ಟೋಬರ್ ಮೊದಲಲ್ಲಿ ಬಿರುಗಾಳಿಯೆದ್ದು, ಕಡಲಿನ ಉಬ್ಬರವು ಬಯಲಿಗೆ ನುಗ್ಗಿತು, ದೋಣಿಗಳು ತೇಲಿದವು. ನೀರಿಗೆ ಹೆದರಿದ ಶತ್ರುಗಳು ರಾತ್ರಿಯಲ್ಲಿಯೇ ಓಡಿದರು. 3ರ ಬೆಳಿಗ್ಗೆ ಲೈಡನಿನ ಜನರಿಗೆ ಆಹಾರ ದೊರೆಯಿತು. ಮರುವರ್ಷ ವಿಲಿಯಮನು ಆ ಪಟ್ಟಣದಲ್ಲಿ ವಿಶ್ವವಿದ್ಯಾಲಯವೊಂದನ್ನು ಸ್ಥಾಪಿಸಿದನು. ಅದು ಇಂದಿಗೂ ನಡೆಯುತ್ತಿರುವುದು.

1579ರಲ್ಲಿ ಉತ್ತರದ ಪ್ರಾಂತಗಳು ಉಟ್ರೆಕ್ಟಿನಲ್ಲಿ ಒಕ್ಕೂಟವನ್ನು ಮಾಡಿಕೊಂಡು, 1581ರಲ್ಲಿ ಫಿಲಿಪನ ದೊರೆತನವನ್ನು ನಿರಾಕರಿಸಿದವು. ಫಿಲಿಪನು ವಿಲಿಯಮನ ತಲೆಗೆ ಬೆಲೆ ಕಟ್ಟಿದ್ದನು. 1584ನೆಯ ಇಸವಿ ಜುಲೈ 10ರಂದು, ಡೆಲ್ಫ್ಟ್ ಪಟ್ಟಣದ ಅವನ ಮನೆಯಲ್ಲಿಯೇ, ಬಾಲ್ತಸಾರ್ ಜೆರಾರ್ಡ್ ಎಂಬವನು ಗುಂಡಿಕ್ಕಿ ಅವನನ್ನು ಕೊಂದನು. ಅವನ ದೇಶವು ಮಾತ್ರ ಸ್ವತಂತ್ರವಾಗಿ ಉಳಿಯಿತು.

ಅವನು ತೋರಿದ ದಾರಿಯನ್ನು ಮುಂದಿನವರು ಮರೆಯಲಿಲ್ಲ. 1672ರಲ್ಲಿ ಫ್ರಾನ್ಸಿನ ಹದಿನಾಲ್ಕನೆಯ ಲೂಯಿಯ ಸೈನ್ಯವು ನುಗ್ಗಿಬಂದಾಗ, ಅವನ ಮರಿಮಗನಾದ ಮೂರನೆಯ ವಿಲಿಯಮನು ಅದೇ ರೀತಿಯಾಗಿ ನೆಲವನ್ನು ಮುಳುಗಿಸಿ ಹಾಲೆಂಡನ್ನು ಉಳಿಸಿದನು. ಆದರೆ ಪ್ರಕೃತಿಯ ಕೋಟೆಯೂ ಅಭೇದ್ಯವಲ್ಲ. 1795ರ ಕಠಿಣವಾದ ಚಳಿಗಾಲದಲ್ಲಿ ನೀರು ಹೆಪ್ಪುಗಟ್ಟಿ ಫ್ರೆಂಚ್ ಸೈನ್ಯಕ್ಕೆ ದಾರಿಯಾಯಿತು. 1940ರಲ್ಲಿ ವಿಮಾನಗಳು ಆ ನೀರಿನ ಮೇಲೆಯೇ ಹಾರಿಬಂದವು.

ನೆಲವೂ ನೀರೂ ತಾವಾಗಿಯೇ ದೇಶವನ್ನು ಕಾಯುವುದಿಲ್ಲವೆಂಬುದು ಇದರಿಂದ ನಮಗೆ ತಿಳಿದುಬರುವುದು. ಲೈಡನನ್ನು ಉಳಿಸಿದ ನೀರು ಬಡರೈತರ ಪೈರಿನ ಮೇಲೆ ಹರಿದು ಬಂದ ನೀರು. ವಿಲಿಯಮನ ಹೆಸರನ್ನು ಸ್ಮರಿಸುವಾಗ, ಹೆಸರು ಉಳಿಯದ ಆ ಒಕ್ಕಲು ಮನೆಗಳವರನ್ನೂ ನಾವು ಸ್ಮರಿಸುವುದು ನ್ಯಾಯವಾಗಿದೆ.